ಎಲ್ ಸಾಲ್ಟೊ ಹಿನ್ನೀರಿನಲ್ಲಿ ಹತ್ತು ಪೌಂಡಿನ ಬ್ಯಾಸ್ ಹುಡುಕಿಕೊಂಡು ನಾಲ್ಕು ದಿನ

ಹೂಸ್ಟನ್ ಹುಬ್ಬಳ್ಳಿಗ

ಮೆಕ್ಸಿಕೊದ ಸಿನಲೋವಾ ರಾಜ್ಯದ ಎಲ್ ಸಾಲ್ಟೊ ಹಿನ್ನೀರಿಗೆ ಮೀನು ಹಿಡಿಯಲು ಹೋಗಿಬಂದ ಸುದ್ದಿ ತಿಳಿದ ಮೇಲೆ ನಾಲ್ಕೈದು ಮಂದಿ ಒಬ್ಬೊಬ್ಬರಾಗಿ ವಿವರ ಕೇಳಿದ್ದರಿಂದ, ಎಲ್ಲರಿಗೂ ಒಟ್ಟಿಗೇ ಉತ್ತರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಾವು ಹೋಗಿದ್ದು 2024ರ ಫೆಬ್ರವರಿಯಲ್ಲಿ. ನಾನು, ತೀರ್ಥಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಮತ್ತು ಅವರ ಭಾವಮೈದುನ, ಹೀಗೆ ಮೂವರಿದ್ದೆವು. ನಾವು ಅರಸಿ ಹೋದದ್ದು ಲಾರ್ಜ್‌ಮೌತ್ ಬ್ಯಾಸ್ ಎಂಬ ಮೀನನ್ನು, ಅದರಲ್ಲಿಯೂ ಹತ್ತು ಪೌಂಡು, ಅಂದರೆ ನಾಲ್ಕೂವರೆ ಕಿಲೊ ದಾಟಿದ್ದನ್ನು. ಅಮೆರಿಕದಲ್ಲಿ ಈ ಮೀನಿನ ಗೀಳು ಹತ್ತಿದವರು ಹತ್ತು ಪೌಂಡನ್ನು ಕ್ರಿಕೆಟಿನ ಶತಕದಂತೆ ಎಣಿಸುತ್ತಾರೆ. ಇಪ್ಪತ್ತು ವರ್ಷ ಗಾಳ ಹಾಕಿಯೂ ಒಂದನ್ನೂ ಕಾಣದವರು ನನಗೆ ಗೊತ್ತು. ಊರಿಗೆ ಫೋನು ಮಾಡಿ "ಬ್ಯಾಸ್ ಹಿಡಿಯಾಕ ಹೊಂಟೀನಿ" ಎಂದಾಗ ನಮ್ಮ ತಾಯಿ "ಬ್ಯಾಸಗಿ ಇನ್ನೂ ದೂರ ಐತೆಲ್ಲೋ" ಎಂದಿದ್ದರು.

ಎಲ್ ಸಾಲ್ಟೊ ತಾನಾಗಿ ಆದ ಸರೋವರವಲ್ಲ. ಪಶ್ಚಿಮ ಸಿಯೆರಾ ಮಾದ್ರೆ ಬೆಟ್ಟಸಾಲಿನಿಂದ ಇಳಿದು ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಗೆ ಹರಿಯುವ ಎಲೋಟಾ ನದಿಗೆ 1980ರ ದಶಕದಲ್ಲಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಅದು. ಕಟ್ಟಿದ್ದು ಕೆಳಗಿನ ಬಯಲಿನ ಹೊಲಗಳಿಗೆ ನೀರುಣಿಸುವುದಕ್ಕೆ. ಮೀನಿನ ವಿಚಾರವೆಲ್ಲ ಆಮೇಲೆ ಸೇರಿಕೊಂಡದ್ದು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ತುಂಬುತ್ತದೆ, ಆಮೇಲೆ ಹೊಲಗಳಿಗೆ ಹರಿಯುತ್ತ ಹರಿಯುತ್ತ ಬೇಸಿಗೆಯ ಕೊನೆಗೆ ದಡದ ಕೆಂಪು ಮಣ್ಣನ್ನೆಲ್ಲ ಬಿಟ್ಟುಕೊಡುತ್ತದೆ. ಕನ್ನಂಬಾಡಿಯ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಓದಿ ಬೆಳೆದವರಿಗೆ ಈ ಏರಿಳಿತವನ್ನು ವಿವರಿಸಬೇಕಾಗಿಲ್ಲ. ಈ ನೀರಿಗೆ ಬಿಟ್ಟದ್ದು ಬ್ಯಾಸ್‌ನ ಫ್ಲಾರಿಡಾ ತಳಿ, ಬೇರೆಡೆಯ ಬ್ಯಾಸ್‌ಗಿಂತ ದೊಡ್ಡದಾಗಿ ಬೆಳೆಯುವ ಗುಣ ಅದರದು. ಅದಕ್ಕೆ ಆಹಾರ ಟಿಲಾಪಿಯಾ, ನಮ್ಮ ಮೀನು ಮಾರುಕಟ್ಟೆಗಳ ಜಿಲೇಬಿ ಮೀನು. ಆಫ್ರಿಕಾದ ಮೀನನ್ನು ಫ್ಲಾರಿಡಾದ ಮೀನು ಮೆಕ್ಸಿಕೊದ ಅಣೆಕಟ್ಟೆಯಲ್ಲಿ ತಿನ್ನುವುದನ್ನು ನೋಡಲು ಹುಬ್ಬಳ್ಳಿಯವನೊಬ್ಬ ದುಡ್ಡು ಕೊಟ್ಟು ಹೋದದ್ದನ್ನು ನೆನೆದರೆ ನನಗೇ ನಗು ಬರುತ್ತದೆ.

ಮಸಾಟ್ಲಾನ್ ನಗರದವರೆಗೆ ವಿಮಾನ, ಅಲ್ಲಿಂದ ಉತ್ತರಕ್ಕೆ ಲಾಡ್ಜ್‌ನವರ ವ್ಯಾನಿನಲ್ಲಿ ಎರಡು ಗಂಟೆಗೆ ಮೇಲ್ಪಟ್ಟ ದಾರಿ. ನಡುವೆ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟುತ್ತೀರಿ. ಹೆದ್ದಾರಿ ಬಿಟ್ಟ ಮೇಲೆ ಮುಳ್ಳುಕಂಟಿಯ ಗುಡ್ಡಗಳು, ಕಂಬದಂತೆ ನಿಂತ ಕಳ್ಳಿ, ರಸ್ತೆಗೆ ಅಡ್ಡ ಬರುವ ದನಗಳು; ಬಯಲುಸೀಮೆಯವನಾದ ನನಗೆ ಪರಸ್ಥಳವೆನಿಸಲೇ ಇಲ್ಲ. ಲಾಡ್ಜ್ ಎಂದರೆ ದಂಡೆಯ ದಿಬ್ಬದ ಮೇಲೆ ಒಂದು ಸಾಲು ಕೋಣೆಗಳು, ಊಟದ ಪಡಸಾಲೆ, ಕೆಳಗೆ ದೋಣಿಗಳು. ಬೆಳಗಿನ ಜಾವ ಐದಕ್ಕೆ ಬಾಗಿಲು ತಟ್ಟಿ ಕಾಫಿ ಕೊಡುತ್ತಾರೆ, ಬೆಳಕು ಹರಿಯುವ ಮುನ್ನ ದೋಣಿ ಹೊರಡುತ್ತದೆ, ಹನ್ನೊಂದಕ್ಕೆ ದಡ. ಊಟ, ನಿದ್ದೆ, ಮತ್ತೆ ಎರಡೂವರೆಯಿಂದ ಕತ್ತಲಾಗುವವರೆಗೆ ನೀರಿನ ಮೇಲೆ. ದೋಣಿಯೊಂದಕ್ಕೆ ಇಬ್ಬರು ಮತ್ತು ಒಬ್ಬ ಗೈಡ್. ವಿಮಾನದ ಟಿಕೆಟ್ ಬಿಟ್ಟು ತಲಾ ಎರಡೂವರೆ ಸಾವಿರ ಡಾಲರಿಗಿಂತ ತುಸು ಹೆಚ್ಚೇ ಆಯಿತು. ಮುಂಜಾವಿನಲ್ಲಿ ದೋಣಿ ಓಡುವಾಗ ಚಳಿ ಕಿವಿ ಕೊರೆಯುತ್ತದೆ, ಮಂಕಿ ಟೋಪಿ ಮರೆಯಬೇಡಿ.

ನಮ್ಮ ಗೈಡ್‌ಗೆ ಐವತ್ತು ದಾಟಿತ್ತು. ಮೊದಲು ಇದೇ ನೀರಿನಲ್ಲಿ ಟಿಲಾಪಿಯಾಕ್ಕೆ ಬಲೆ ಹಾಕುತ್ತಿದ್ದವರು. ಅಣ್ಣತಮ್ಮಂದಿರು ಈಗಲೂ ಮೀನುಗಾರರ ಸಹಕಾರ ಸಂಘದಲ್ಲಿದ್ದಾರೆ. ನನ್ನ ಉದ್ಯೋಗ ಕೇಳಿದ ಕ್ಷಣದಿಂದ ನನ್ನನ್ನು "ಇನ್ಹೆನ್ಯೆರೊ" ಎಂದೇ ಕರೆದರು, ನಮ್ಮ ಕಡೆ "ಇಂಜಿನಿಯರ್ ಸಾಹೇಬ್ರ" ಎನ್ನುವ ಹಾಗೆ. ಅವರು ಬ್ಯಾಸ್‌ಗೆ ಹೇಳುವ ಹೆಸರು ಲೊಬಿನಾ. ನಾಲ್ಕು ದಿನ ಅವರ ಬಾಯಲ್ಲಿ ಹೆಚ್ಚು ಕೇಳಿದ ಮಾತು "ದೆಸ್ಪಾಸಿಯೊ", ಅಂದರೆ ನಿಧಾನ. ಟೆಕ್ಸಸ್ಸಿನಲ್ಲಿ ನಾವು ಗಾಳಕ್ಕೆ ಕಟ್ಟಿದ ಹುಸಿ ಮೀನನ್ನು ಎಸೆದು ಸರಸರನೆ ಸುತ್ತಿಕೊಳ್ಳುವುದಕ್ಕೆ ಒಗ್ಗಿಹೋಗಿದ್ದೇವೆ. ಇಲ್ಲಿ ಹತ್ತು ಇಂಚಿನ ಪ್ಲಾಸ್ಟಿಕ್ ಹುಳುವನ್ನು ಹದಿನೈದು ಇಪ್ಪತ್ತು ಅಡಿ ಆಳದ ಮುಳುಗಡೆ ಮರಗಳ ನೆತ್ತಿಯ ಮೇಲೆ ಇಳಿಬಿಟ್ಟು, ಒಂದು ಕೊಂಬೆಯಿಂದ ಮತ್ತೊಂದಕ್ಕೆ ಅದು ತಾನೇ ಜಾರುವಷ್ಟು ಸಾವಕಾಶವಾಗಿ ಎಳೆಯಬೇಕು. ತೀರ್ಥಹಳ್ಳಿಯ ಗೆಳೆಯರು ಅಡಿಕೆ ತೋಟದ ಹಳ್ಳದಲ್ಲಿ ಬಿದಿರು ಕೋಲು, ಎರೆಹುಳು, ಬೆಂಡು ಕಟ್ಟಿ ಕೂತು ಕಲಿತವರು. ಅವರಿಗೆ ಈ ನಿಧಾನ ಮೊದಲೇ ಇತ್ತು. ಎರಡನೆಯ ಬೆಳಗ್ಗೆ ಅವರ ಹುಳುವನ್ನು ನುಂಗಿದ ಮೀನಿನ ಉದ್ದ 26 ಇಂಚು, ಸುತ್ತಳತೆ 19 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಸಿಗುತ್ತದೆಂಬ ಲೆಕ್ಕ ಇಲ್ಲಿ ರೂಢಿಯಲ್ಲಿದೆ. ಆ ಲೆಕ್ಕದಲ್ಲಿ ಹನ್ನೊಂದೂ ಮುಕ್ಕಾಲು ಬಂತು, ತಕ್ಕಡಿ ಹನ್ನೊಂದೂ ಕಾಲು ತೋರಿಸಿತು. ನಾವು ತಕ್ಕಡಿಯನ್ನೇ ನಂಬಿದೆವು.

ಇನ್ನು ನನ್ನ ಕತೆ. ಗೈಡ್‌ಗೆ ಒಂದು ಅಭ್ಯಾಸವಿತ್ತು. ನಾಲ್ಕಾರು ಮೀನು ಬಂದೊಡನೆ ದಾರದ ತುದಿಯ ಒಂದು ಮಾರನ್ನು ಕೆಳತುಟಿಯ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಬೆರಳಿಗೆ ತಿಳಿಯದ ತರಚು ತುಟಿಗೆ ತಿಳಿಯುತ್ತದೆ. ಒಂದಿಷ್ಟು ಒರಟೆನಿಸಿದರೂ ಅಷ್ಟನ್ನೂ ಕತ್ತರಿಸಿ, ಹೊಸ ಗಂಟು ಹಾಕಿ, ಉಗುಳು ಹಚ್ಚಿ ಬಿಗಿಯುತ್ತಿದ್ದರು. ಮೂರನೆಯ ಮಧ್ಯಾಹ್ನ ಊಟದ ಜಡದಲ್ಲಿದ್ದ ನನಗೆ ಅವರು ಕತ್ತರಿ ಚಾಚಿದಾಗ, ಇನ್ನೊಂದು ಸಲ ಎಸೆದು ಕೊಡುತ್ತೇನೆ ಎಂದು ಸನ್ನೆ ಮಾಡಿದೆ. ಆ ಒಂದು ಎಸೆತಕ್ಕೇ ಬಂತು. ಮೊದಲು ಮರದ ಕೊಂಬೆಗೆ ಸಿಕ್ಕಿಕೊಂಡಿತು ಎಂದುಕೊಂಡೆ, ಆಮೇಲೆ ಕೊಂಬೆಯೇ ಪಕ್ಕಕ್ಕೆ ಸರಿಯಿತು. ಕೋಲು ದೋಣಿಯ ಅಂಚಿಗೆ ಬಾಗಿತು, ಮೀನು ಒಮ್ಮೆ ಮೇಲೆದ್ದು ಬಾಯಿ ತೆರೆದು ತಲೆ ಕೊಡವಿತು. ಆ ಬಾಯೊಳಗೆ ನಮ್ಮ ಮನೆಯ ಹಿತ್ತಾಳೆ ತಂಬಿಗೆ ಹಿಡಿಯುತ್ತಿತ್ತು. ಮರುಕ್ಷಣ ದಾರ ಸಡಿಲ. ಗೈಡ್ ಏನೂ ಬೈಯಲಿಲ್ಲ. ತುಂಡಾದ ತುದಿಯನ್ನು ಹಿಡಿದು ನನ್ನ ಕಣ್ಣ ಮುಂದೆ ತಂದು ತೋರಿಸಿದರು. ಗಂಟು ಜಾರಿ ಬಿಚ್ಚಿದ್ದರೆ ತುದಿ ಹಂದಿಯ ಬಾಲದಂತೆ ಸುರುಳಿಯಾಗಿರುತ್ತದೆ. ನನ್ನದು ಹೊಸೆದ ಬತ್ತಿಯ ತುದಿಯ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ನಾಲ್ಕು ದಿನದಲ್ಲಿ ದೋಣಿಗೆ ಬಂದ ನನ್ನ ದೊಡ್ಡ ಮೀನು ಒಂಬತ್ತು ಪೌಂಡು ಆರು ಔನ್ಸ್.

ಮಳವಳ್ಳಿಯ ಹಳಬ

ತಮ್ಮಾ, ಬಹಳ ಚೆನ್ನಾಗಿ ಬರೆದಿದ್ದೀಯ. ತುಟಿಯ ಮೇಲೆ ದಾರ ಎಳೆದು ನೋಡುವ ಮಾತು ಓದಿ, ಮುತ್ತತ್ತಿಯ ಕೆಳಗಿನ ಕಾವೇರಿಯಲ್ಲಿ ನಮ್ಮನ್ನು ಹರಿಗೋಲಿನಲ್ಲಿ ಕರೆದೊಯ್ಯುತ್ತಿದ್ದವರು ಕಣ್ಣ ಮುಂದೆ ಬಂದರು. ಅಲ್ಲಿನ ಬಿಳಿಮೀನು, ಅಂದರೆ ಮಶೀರ್, ಬಂಡೆಗಳ ನಡುವಿನ ಮಡುವಿನಲ್ಲಿ ಇರುವಂಥದ್ದು. ದಾರ ಬಂಡೆಗೆ ಉಜ್ಜಿದರೆ ನಿನ್ನ ಬತ್ತಿಯ ತುದಿಯೇ ಗತಿ. ರಾಗಿಹಿಟ್ಟನ್ನು ಬೇಯಿಸಿ ನಿಂಬೆಹಣ್ಣಿನ ಗಾತ್ರಕ್ಕೆ ಗಟ್ಟಿಯಾಗಿ ಕಟ್ಟಿದ ಉಂಡೆಯೇ ನಮ್ಮ ಹುಸಿ ಮೀನು, ಹುಸಿ ಹುಳು ಎಲ್ಲವೂ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಇಂಗ್ಲೆಂಡಿನಿಂದಲೂ ಜನ ಬರುತ್ತಿದ್ದ ಕಾಲ ಅದು.

ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಹತ್ತು ಪೌಂಡನ್ನು ಶತಕವೆಂದು ಕೊಂಡಾಡಿದ್ದೀಯ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ನಿಲ್ಲಿಸುವುದರಲ್ಲಿ ಹೆಸರಾದವರು, ಅವರಲ್ಲೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತು. ನಿನ್ನ ಬ್ಯಾಸ್ ಅದಕ್ಕೆ ಒಂದು ಹೊತ್ತಿನ ತುತ್ತು. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ದೊಡ್ಡದು ಎಂಬುದಕ್ಕೆ ಒಂದೊಂದು ನೀರಿನಲ್ಲಿ ಒಂದೊಂದು ಅಳತೆ ಎಂದಷ್ಟೇ.

ಇನ್ನೊಂದು ವಿಷಯ. ಕಾವೇರಿ ವನ್ಯಧಾಮದೊಳಗಿನ ಆ ಶಿಬಿರಗಳಲ್ಲಿ ಗಾಳ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಆಗುತ್ತದೆಂಬ ಕಾರಣಕ್ಕೆ, 2010ರಿಂದೀಚೆಗೆ ನಿಂತುಹೋಯಿತು. ಹಿಡಿದು ಬಿಡುತ್ತಿದ್ದೆವಲ್ಲ ಎಂಬ ನಮ್ಮ ವಾದ ನಡೆಯಲಿಲ್ಲ. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರೇ ಶಿಬಿರದಲ್ಲಿ ಸಂಬಳ ಪಡೆದು ಕಾವಲುಗಾರರಾಗಿದ್ದರು. ಆ ಕೆಲಸ ಹೋದ ಮೇಲೆ ಹೊಳೆಯನ್ನು ರಾತ್ರಿ ಹಗಲು ನೋಡುವ ಕಣ್ಣುಗಳೂ ಹೋದವೆಂದು ನಾನು ಈಗಲೂ ನಂಬುತ್ತೇನೆ. ನಿನ್ನ ಗೈಡ್ ಬಲೆ ಬಿಟ್ಟು ಗಾಳಕ್ಕೆ ಬಂದವರು ಎಂದೆಯಲ್ಲ, ಅದಕ್ಕೆ ಇಷ್ಟು ಬರೆದೆ.

ಕುಂದಾಪುರದ ಅಕ್ಕ

ನಾನು ಮೀನು ತಿನ್ನುವವರ ಮನೆಯವಳು, ಆದ್ದರಿಂದ ನನ್ನ ಪ್ರಶ್ನೆಯನ್ನು ಅಹಿಂಸೆಯ ಉಪದೇಶವೆಂದು ಯಾರೂ ತಿಳಿಯಬಾರದು. ಐದು ಕಿಲೊ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಎಳೆದಾಡಿಸಿ, ತೂಗಿ, ಫೋಟೊ ತೆಗೆಸಿಕೊಂಡು, ಆಮೇಲೆ "ಹೋಗಿ ಬಾ" ಎಂದು ನೀರಿಗೆ ಬಿಡುವುದರಲ್ಲಿ ಯಾವ ಸುಖವಿದೆ? ನಮ್ಮಲ್ಲಿ ಬಲೆ ಎಳೆಯುವವರು ಹೊಟ್ಟೆಗಾಗಿ ಎಳೆಯುತ್ತಾರೆ. ತಿನ್ನುವುದಕ್ಕೆ ಕೊಂದರೆ ಅದಕ್ಕೊಂದು ಲೆಕ್ಕವಿದೆ. ಆಟಕ್ಕೆ ನೋಯಿಸಿದರೆ ಯಾವ ಖಾತೆಗೆ ಬರೆಯುತ್ತೀರಿ? ಬೇಸರಿಸಿಕೊಳ್ಳಬೇಡಿ, ನಿಜವಾಗಿಯೂ ತಿಳಿಯಲು ಕೇಳುತ್ತಿದ್ದೇನೆ.

ಹೂಸ್ಟನ್ ಹುಬ್ಬಳ್ಳಿಗ

ಅಕ್ಕಾ, ಬೇಸರದ ಮಾತೇ ಇಲ್ಲ, ಈ ಪ್ರಶ್ನೆಯನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಅಲ್ಲಿನ ಲಾಡ್ಜ್‌ನಲ್ಲಿ ಊಟಕ್ಕೆ ಬಡಿಸಿದ್ದು ಟಿಲಾಪಿಯಾ. ಬ್ಯಾಸ್ ಅನ್ನು ಒಂದೂ ಬಿಡದೆ ನೀರಿಗೆ ಮರಳಿಸುವುದು ಅಲ್ಲಿನ ನಿಯಮ. ನಿಯಮದ ಹಿಂದಿನ ಕಾರಣ ಸರಳ. ಹತ್ತು ಪೌಂಡು ದಾಟುವ ಬ್ಯಾಸ್ ಹೆಣ್ಣೇ ಆಗಿರುತ್ತದೆ, ಗಂಡು ಅಷ್ಟು ಬೆಳೆಯುವುದಿಲ್ಲ, ಮತ್ತು ಆ ಗಾತ್ರಕ್ಕೆ ಬರಲು ಅದು ಹಲವು ವರ್ಷ ಬದುಕಿರಬೇಕು. ಅದನ್ನು ತಿಂದರೆ ಒಂದು ಸಂಜೆಯ ಊಟ, ಬಿಟ್ಟರೆ ಅದನ್ನೇ ಹುಡುಕಿಕೊಂಡು ಮತ್ತೆ ಮತ್ತೆ ದುಡ್ಡು ಕೊಟ್ಟು ಬರುವವರಿದ್ದಾರೆ, ಅದರಿಂದ ಗೈಡ್‌ನ ಮನೆ ನಡೆಯುತ್ತದೆ. ಇದು ಆ ಊರಿನ ಲೆಕ್ಕ. ನನ್ನ ಸುಖದ ಲೆಕ್ಕ ಕೇಳಿದರೆ ನನ್ನ ಬಳಿ ಒಪ್ಪುವಂಥ ಉತ್ತರವಿಲ್ಲ. ಮೀನಿಗೆ ನೋವಾಗುವುದಿಲ್ಲ ಎಂದು ನನ್ನ ಹವ್ಯಾಸದವರು ಹೇಳುವುದನ್ನು ನಾನು ನಂಬುವುದಿಲ್ಲ. ನೋವನ್ನು ಕಡಿಮೆ ಮಾಡಬಹುದು: ಕೈ ಒದ್ದೆ ಮಾಡಿಕೊಂಡು ಮುಟ್ಟುವುದು, ಏಕೆಂದರೆ ಒಣ ಕೈಗೆ ಮೈಯ ಲೋಳೆ ಕಿತ್ತುಬರುತ್ತದೆ, ದೊಡ್ಡ ಮೀನನ್ನು ದವಡೆ ಹಿಡಿದು ನೇತಾಡಿಸದೆ ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು ಅಡ್ಡವಾಗಿ ಎತ್ತುವುದು, ಫೋಟೊ ತೆಗೆಯುವವರು ಸಿದ್ಧರಾಗುವವರೆಗೆ ಅದನ್ನು ನೀರಿನಲ್ಲೇ ಇಟ್ಟುಕೊಂಡಿರುವುದು. ಗೈಡ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗೆಳೆಯರ ಭಾವಮೈದುನ ಒಂದು ಮೀನನ್ನು ಒಂದೇ ಕೈಯಲ್ಲಿ ನೇತುಹಾಕಿ ಸೆಲ್ಫಿಗೆ ನಿಂತಾಗ ಮಾತಾಡದೆ ಅದನ್ನು ಕಿತ್ತುಕೊಂಡು ನೀರಿಗೆ ಬಿಟ್ಟರು.

ಹಳಬರೇ, ಕಬಿನಿಯ ಮೀನಿನ ಮುಂದೆ ನನ್ನದು ತುತ್ತು ಎಂಬುದನ್ನು ಒಪ್ಪಿದೆ.

ಜೀವಶಾಸ್ತ್ರ ಓದುವವಳು

ನಮಸ್ಕಾರ. ಚರ್ಚೆ ಸೊಗಸಾಗಿದೆ, ಆದರೆ ಎರಡು ಅಂಶಗಳು ಬಿಟ್ಟುಹೋಗಿವೆ ಎನಿಸಿತು.

ಮೊದಲನೆಯದು ನೀವು ಪ್ರವಾಸಕ್ಕೆ ಆರಿಸಿಕೊಂಡ ತಿಂಗಳು. ಚಳಿಗಾಲದ ಕೊನೆಯಲ್ಲಿ ನೀರು ಬೆಚ್ಚಗಾಗತೊಡಗಿದಾಗ ಬ್ಯಾಸ್ ಮೊಟ್ಟೆಯಿಡಲು ದಡದ ಕಡೆ ಬರುತ್ತದೆ. ಹೆಣ್ಣು ತುಂಬು ಬಸುರಿಯಾಗಿರುತ್ತದೆ. ಫೆಬ್ರವರಿಯಲ್ಲಿ ದಾಖಲೆಯ ತೂಕ ಸಿಗುವುದಕ್ಕೆ ಇದೂ ಒಂದು ಕಾರಣ, ಆ ತೂಕದಲ್ಲಿ ಮೊಟ್ಟೆಯ ಪಾಲೂ ಸೇರಿದೆ. ಮೊಟ್ಟೆಯಿಟ್ಟ ಮೇಲೆ ಗೂಡು ಕಾಯುವುದು ಗಂಡು. ಆ ಹೊತ್ತಿನಲ್ಲಿ ಗಂಡನ್ನು ಗಾಳದಿಂದ ಎತ್ತಿ, ಐದು ನಿಮಿಷ ಬಿಟ್ಟು ಮರಳಿಸಿದರೂ, ಅಷ್ಟರಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದುಹಾಕಬಹುದು. ಹಿಡಿದು ಬಿಟ್ಟೆವು ಎಂದರೆ ಎಲ್ಲ ಸರಿಹೋಯಿತೆಂದು ಅರ್ಥವಲ್ಲ.

ಎರಡನೆಯದು ಇನ್ನೂ ದೊಡ್ಡದು. ಗ್ವಾಟೆಮಾಲಾದಲ್ಲಿ ಜ್ವಾಲಾಮುಖಿ ಬೆಟ್ಟಗಳ ನಡುವೆ ಅತಿತ್ಲಾನ್ ಎಂಬ ಸರೋವರವಿದೆ, ಅದು ನಿಜವಾದ ಬೆಟ್ಟದ ಸರೋವರ. ಪ್ರವಾಸಿಗರನ್ನು ಸೆಳೆಯಲೆಂದು 1958ರಿಂದೀಚೆಗೆ ಅಲ್ಲಿಗೆ ಬ್ಯಾಸ್ ತಂದು ಬಿಟ್ಟರು. ಅಲ್ಲಿನವರು ಬುಟ್ಟಿಗಟ್ಟಲೆ ಹಿಡಿಯುತ್ತಿದ್ದ ಸಣ್ಣ ಮೀನು, ಏಡಿಗಳನ್ನು ಬ್ಯಾಸ್ ತಿಂದು ಮುಗಿಸುತ್ತ ಬಂತು. ಆ ಸರೋವರದಲ್ಲಿ ಮಾತ್ರ ಇದ್ದ, ಹಾರಲಾರದ ಒಂದು ದೊಡ್ಡ ಗುಳುಮುಳುಕ ಹಕ್ಕಿಗೆ ಆಹಾರವೂ ಕಡಿಮೆಯಾಯಿತು, ಅದರ ಮರಿಗಳೂ ಬ್ಯಾಸ್‌ನ ಬಾಯಿಗೆ ಬಿದ್ದವು. ದಡದ ಜೊಂಡು ಕಡಿದದ್ದು, 1976ರ ಭೂಕಂಪದ ನಂತರ ನೀರಿನ ಮಟ್ಟ ಇಳಿದದ್ದು, ಇವೂ ಸೇರಿಕೊಂಡವು. ಬ್ಯಾಸ್ ಒಂದನ್ನೇ ದೂರುವುದು ಸರಿಯಲ್ಲ. ಆದರೆ ಆ ಹಕ್ಕಿ ಇಂದು ಭೂಮಿಯ ಮೇಲಿಲ್ಲ. ಎಲ್ ಸಾಲ್ಟೊ ಮನುಷ್ಯರು ಕಟ್ಟಿದ ಹೊಸ ನೀರು, ಅಲ್ಲಿಗೆ ಈ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಅಣೆಕಟ್ಟೆಗೆ ಮೊದಲು ಎಲೋಟಾ ನದಿಯಲ್ಲಿದ್ದ ಮೀನುಗಳನ್ನು ಮಾತ್ರ ಈ ಇಡೀ ಕತೆಯಲ್ಲಿ ಯಾರೂ ಕೇಳಿಲ್ಲ.

ಹಳಬರು ಹೇಳಿದ ಕಾವೇರಿಯ ಡುಬ್ಬದ ಬಿಳಿಮೀನಿಗೆ ಶತಮಾನದಿಂದ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಅದು ಟಾರ್ ರೇಮದೇವಿಯೈ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿತು. ಅಲ್ಲಿಗೂ ಹೊರಗಿನ ಬಿಳಿಮೀನಿನ ಮರಿಗಳನ್ನು ತಂದು ಬಿಟ್ಟದ್ದು ಅದರ ಅವನತಿಯ ಕಾರಣಗಳಲ್ಲೊಂದು.

ಮಳವಳ್ಳಿಯ ಹಳಬ

ಹೌದಮ್ಮಾ, ಹೊರಗಿನಿಂದ ತಂದ ನೀಲಿ ರೆಕ್ಕೆಯವು ಹೆಚ್ಚಾದದ್ದನ್ನು, ನಮ್ಮ ಹೊಳೆಯ ಕಿತ್ತಳೆ ರೆಕ್ಕೆಯವು ಅಪರೂಪವಾದದ್ದನ್ನು ನಾವೇ ನೋಡಿದೆವು. ಆಗ ಮೀನು ಹೆಚ್ಚಾಯಿತೆಂದು ಖುಷಿಪಟ್ಟೆವೇ ಹೊರತು ಯಾವ ಮೀನು ಎಂದು ಕೇಳಲಿಲ್ಲ. ಬಸುರಿ ಮೀನಿನ ಮಾತೂ ಒಪ್ಪತಕ್ಕದ್ದೇ.

ಡಲ್ಲಾಸ್‌ನ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೀನಿನ ಧರ್ಮಾಧರ್ಮ ದೊಡ್ಡವರಿಗೆ ಬಿಟ್ಟು, ಹೊರಡಲು ಸಿದ್ಧರಾಗುತ್ತಿರುವವರಿಗೆ ಬೇಕಾದ ಕೆಲವು ಮಾತು ಹೇಳುತ್ತೇನೆ.

ಭಾರತದ ಪಾಸ್‌ಪೋರ್ಟ್ ಇದ್ದರೂ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊ ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಕಾಗುವುದಿಲ್ಲ. ಎಡವುವುದು ಎಚ್-1ಬಿ ಎಂಬ ಉದ್ಯೋಗದ ಅನುಮತಿ ವಿಸ್ತರಣೆಯಾಗಿದ್ದು ಪಾಸ್‌ಪೋರ್ಟ್‌ನೊಳಗಿನ ವೀಸಾ ಮುದ್ರೆ ಮಾತ್ರ ಹಳತಾಗಿರುವವರು. ಮೂವತ್ತು ದಿನದೊಳಗಿನ ಮೆಕ್ಸಿಕೊ ಪ್ರವಾಸ ಮುಗಿಸಿ, ಚಾಲ್ತಿಯ ಐ-94, ಅಂದರೆ ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ, ತೋರಿಸಿ ಅಮೆರಿಕಕ್ಕೆ ಮರಳಲು ಅವಕಾಶವೇನೋ ಇದೆ, ಆದರೆ ಹಳೆಯ ಮುದ್ರೆಯಿಂದ ಮೆಕ್ಸಿಕೊದೊಳಕ್ಕೆ ಹೋಗಲಾಗುವುದಿಲ್ಲ, ಅದಕ್ಕೆ ಅವರ ವೀಸಾ ಬೇಕು. ಈ ಎರಡನ್ನೂ ಒಂದೇ ಎಂದು ತಿಳಿದ ನನ್ನ ಪರಿಚಿತರೊಬ್ಬರು ವಿಮಾನ ನಿಲ್ದಾಣದಿಂದ ಗಾಳದ ಕೋಲುಗಳ ಸಮೇತ ಮನೆಗೆ ಮರಳಿದರು.

ಇದಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಲೇಖಕರು ಹೋದದ್ದು 2024ರ ಫೆಬ್ರವರಿ. ಅದೇ ಜುಲೈನಲ್ಲಿ ಸಿನಲೋವಾದ ಮಾದಕವಸ್ತು ಜಾಲದ ಹಿರಿಯ ನಾಯಕನ ಬಂಧನವಾಯಿತು, ಸೆಪ್ಟೆಂಬರ್‌ನಿಂದ ಆ ಜಾಲದ ಎರಡು ಬಣಗಳ ನಡುವೆ ಬೀದಿ ಕಾಳಗ ಶುರುವಾಯಿತು. ಅಮೆರಿಕದ ವಿದೇಶಾಂಗ ಇಲಾಖೆ ಸಿನಲೋವಾವನ್ನು ಅದಕ್ಕೂ ಬಹಳ ಮೊದಲಿನಿಂದಲೇ "ಹೋಗಬೇಡಿ" ಎಂಬ ಅತಿ ಎಚ್ಚರಿಕೆಯ ಪಟ್ಟಿಯಲ್ಲಿಟ್ಟಿತ್ತು. ಆ ಸಂಗತಿಯನ್ನು ಲೇಖಕರು ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು ಎಂಬುದು ನನ್ನ ಆಕ್ಷೇಪ. ಮಂಕಿ ಟೋಪಿಯ ನೆನಪು ಮಾಡಿದವರಿಗೆ ಇದು ಹೇಗೆ ಮರೆಯಿತು?

ದೊಡ್ಡ ಬ್ಯಾಸ್‌ಗಾಗಿ ಬೆಟ್ಟ ಹತ್ತಲೇಬೇಕೆಂದಿಲ್ಲ. ನಮ್ಮ ಟೆಕ್ಸಸ್ಸಿನ ರಾಜ್ಯ ದಾಖಲೆ 18.18 ಪೌಂಡು, ಅದು 1992ರಲ್ಲಿ ಡಲ್ಲಾಸ್‌ನಿಂದ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದ್ದು. 1986ರಿಂದ ಇಲ್ಲಿ ಶೇರ್‌ಲಂಕರ್ ಎಂಬ ಸರ್ಕಾರಿ ಯೋಜನೆ ನಡೆಯುತ್ತಿದೆ. ಜನವರಿಯಿಂದ ಮಾರ್ಚ್‌ವರೆಗೆ 13 ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗುವ ಬ್ಯಾಸ್ ಹಿಡಿದವರು ಅದನ್ನು ಜೀವಂತವಾಗಿ ಇಲಾಖೆಗೆ ಎರವಲು ಕೊಡಬಹುದು. ಅಥೆನ್ಸ್ ಎಂಬ ಊರಿನ ಮೀನುಮರಿ ಕೇಂದ್ರದಲ್ಲಿ ಮೊಟ್ಟೆಯಿಡಿಸಿ, ಮರಿಗಳನ್ನು ರಾಜ್ಯದ ಕೆರೆಗಳಿಗೆ ಬಿಡುತ್ತಾರೆ. ಜೀವಶಾಸ್ತ್ರದ ತಂಗಿ ಹೇಳಿದ ಬಸುರಿ ಮೀನಿನ ಪ್ರಶ್ನೆಗೆ ಇದೊಂದು ಅರ್ಧ ಉತ್ತರವಾದೀತು.

ಒಸಾಕಾದಿಂದ

ಚಿಕ್ಕ ಸೇರ್ಪಡೆ. ಜಪಾನಿನಲ್ಲಿ ಇಂಥ ಬೆಟ್ಟದ ನೀರು ಬೇಕೆಂದರೆ ನಾರಾ ಪ್ರಾಂತ್ಯದ ಕಾಡಿನೊಳಗೆ ಇಕೆಹರಾ ಎಂಬ ಅಣೆಕಟ್ಟೆಯಿದೆ, 1964ರದ್ದು, ಅಲ್ಲಿಯೂ ಫ್ಲಾರಿಡಾ ತಳಿಯನ್ನು ಬಿಟ್ಟಿದ್ದಾರೆ. ಆದರೆ ವಿಶ್ವದಾಖಲೆ ಬಂದದ್ದು ಬೆಟ್ಟದಿಂದಲ್ಲ, ನಗರಗಳ ಮಗ್ಗುಲಲ್ಲೇ ಇರುವ ಬಿವಾ ಸರೋವರದಿಂದ. ಮನಾಬು ಕುರಿಟಾ ಎಂಬವರು 2009ರ ಜುಲೈ 2ರಂದು ಹಿಡಿದ ಮೀನು 22 ಪೌಂಡು ಮತ್ತು ಹತ್ತಿರ ಹತ್ತಿರ ಐದು ಔನ್ಸ್. ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ 1932ರಲ್ಲಿ ಹಿಡಿದದ್ದು 22 ಪೌಂಡು ನಾಲ್ಕು ಔನ್ಸ್. ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರೂ ಸಮಸಮ ಎಂದು ಘೋಷಿಸಿದರು. ತಮಾಷೆಯೆಂದರೆ, ಬಿವಾದಲ್ಲಿ ಬ್ಯಾಸ್ ಹೊರಗಿನಿಂದ ಬಂದ ಕಾಟ; ಹಿಡಿದ ಮೇಲೆ ಅಲ್ಲಿ ಮತ್ತೆ ನೀರಿಗೆ ಬಿಡುವುದನ್ನೇ ಆ ಪ್ರಾಂತ್ಯದ ಸರ್ಕಾರ ನಿಷೇಧಿಸಿದೆ. ಕುಂದಾಪುರದ ಅಕ್ಕನವರಿಗೆ ಹೇಳಿಮಾಡಿಸಿದ ಸರೋವರ.

ಕುಂದಾಪುರದ ಅಕ್ಕ

ಹಾಗಾದರೆ ಟಿಕೆಟ್ ಮಾಡಿಸಿ, ಮಸಾಲೆ ನಾನು ತರುತ್ತೇನೆ. ಹುಬ್ಬಳ್ಳಿಯವರು ನೇರವಾಗಿ ಉತ್ತರಿಸಿದ್ದಕ್ಕೆ ವಂದನೆ. ನನಗೆ ಇನ್ನೂ ಒಪ್ಪಿಗೆಯಾಗಿಲ್ಲ, ಆದರೆ ಸೆಲ್ಫಿಯವರ ಕೈಯಿಂದ ಮೀನು ಕಿತ್ತುಕೊಂಡ ಆ ಗೈಡ್ ನನಗೆ ಹಿಡಿಸಿದರು. ಅಲ್ಲಿಯ ಟಿಲಾಪಿಯಾ ಹೇಗೆ ಮಾಡಿದ್ದರೆಂದು ಯಾರೂ ಬರೆಯಲಿಲ್ಲವಲ್ಲ?

ಹೂಸ್ಟನ್ ಹುಬ್ಬಳ್ಳಿಗ

ದಾವಣಗೆರೆಯವರ ಆಕ್ಷೇಪ ನ್ಯಾಯವಾದದ್ದು. ಎಚ್ಚರಿಕೆಯ ಪಟ್ಟಿ ನನಗೆ ಗೊತ್ತಿತ್ತು. ಲಾಡ್ಜ್‌ನವರು ಏನೂ ಆಗುವುದಿಲ್ಲ ಎಂದರು, ನಾನು ನಂಬಬೇಕೆಂದೇ ನಂಬಿದೆ, ಮನೆಯಲ್ಲಿ ಹೇಳಲಿಲ್ಲ. ದಾರಿಯಲ್ಲಿ ಒಂದು ಕಡೆ ಸೈನಿಕರು ವ್ಯಾನ್ ನಿಲ್ಲಿಸಿ, ಕೋಲುಗಳ ಉದ್ದನೆಯ ಕೊಳವೆಯನ್ನು ಬಿಚ್ಚಿಸಿ ನೋಡಿದರು, ಅಷ್ಟೇ ಆದದ್ದು. ಏನೂ ಆಗಲಿಲ್ಲ ಎಂಬುದನ್ನು ಸುರಕ್ಷಿತ ಎಂಬ ಅರ್ಥದಲ್ಲಿ ಯಾರೂ ಓದಬಾರದು. ಈ ಚಳಿಗಾಲಕ್ಕೆ ಸಿನಲೋವಾದ ಯೋಚನೆಯನ್ನು ನಾವು ಕೈಬಿಟ್ಟಿದ್ದೇವೆ. ಲೇಕ್ ಫೋರ್ಕ್‌ಗೆ ಜನವರಿ ಕೊನೆಯ ವಾರ ಹೊರಡುವುದೆಂದು ತೀರ್ಥಹಳ್ಳಿಯವರೂ ನಾನೂ ಮಾತಾಡಿಕೊಂಡಿದ್ದೇವೆ, ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ.

ಜೀವಶಾಸ್ತ್ರದ ತಂಗಿಯ ಮಾತಿನ ಮೇಲೆ, ದಡದಲ್ಲಿ ಗೂಡು ಕಾಯುತ್ತಿರುವುದು ಕಣ್ಣಿಗೆ ಕಂಡರೆ ಅದಕ್ಕೆ ಗಾಳ ಎಸೆಯುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಆಳದಲ್ಲಿ ಕಾಣದೆ ಕಚ್ಚುವ ಬಸುರಿಯ ವಿಷಯದಲ್ಲಿ ಏನು ಮಾಡಬೇಕೆಂದು ಇನ್ನೂ ತೋಚಿಲ್ಲ.

ಅಕ್ಕಾ, ಟಿಲಾಪಿಯಾವನ್ನು ಮುಳ್ಳು ತೆಗೆದು, ಉಪ್ಪು, ಬೆಳ್ಳುಳ್ಳಿ ಸವರಿ, ಕಾವಲಿಯ ಮೇಲೆ ಅಂಚು ಕೆಂಪಾಗುವವರೆಗೆ ಹುರಿದು, ಸಣ್ಣ ಹಸಿರು ನಿಂಬೆ ಹಿಂಡಿ, ಮೆಕ್ಕೆಜೋಳದ ರೊಟ್ಟಿಯ ಜೊತೆ ಕೊಟ್ಟಿದ್ದರು. ನಮ್ಮ ತಾಯಿ ಕಟ್ಟಿಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿಯನ್ನು ನಾನು ಅದರ ಮೇಲೆ ಉದುರಿಸಿಕೊಂಡೆ. ಗೈಡ್ ಒಂದು ಚಿಟಿಕೆ ನಾಲಿಗೆಗಿಟ್ಟು ನೋಡಿ, ಡಬ್ಬಿಯನ್ನೇ ತಮ್ಮ ಕಡೆಗೆ ಎಳೆದುಕೊಂಡರು. ಕೊನೆಯ ದಿನ ಹೊರಡುವಾಗ ಖಾಲಿ ಡಬ್ಬಿಯನ್ನು ತೊಳೆದು ಹಿಂದಿರುಗಿಸಿದರು. ಅದರೊಳಗೆ ಹೊಸ ದಾರದ ಒಂದು ಸುರುಳಿ ಇತ್ತು.